ಅಮೆರಿಕದ ಸಂಸ್ಥಾನಗಳಲ್ಲಿ ತಾಪನ ಮತ್ತು ಶೈತ್ಯ ಗುತ್ತಿಗೆದಾರರ ಪರವಾನಗಿ: ಒಂದು ಚಾರಿತ್ರಿಕ ವಿವೇಚನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಚಳಿಗಾಲಕ್ಕೆ ಮನೆಯನ್ನು ಬೆಚ್ಚಗಿಡುವ ಕುಲುಮೆಯನ್ನೂ ಬೇಸಿಗೆಗೆ ಅದನ್ನು ತಂಪಾಗಿಡುವ ಹವಾನಿಯಂತ್ರಣ ಯಂತ್ರವನ್ನೂ ಜೋಡಿಸಿಕೊಡುವ ಗುತ್ತಿಗೆದಾರನು ಸರ್ಕಾರದ ಪರವಾನಗಿಯನ್ನು ಪಡೆದಿರಬೇಕೆ, ಬೇಡವೆ ಎಂಬ ಪ್ರಶ್ನೆಗೆ ಆ ದೇಶದಲ್ಲಿ ಒಂದೇ ಉತ್ತರವಿಲ್ಲ. ಟೆಕ್ಸಾಸ್, ಕ್ಯಾಲಿಫೋರ್ನಿಯ, ಫ್ಲಾರಿಡ ಸಂಸ್ಥಾನಗಳಲ್ಲಿ ಅದು ಬೇಕೇ ಬೇಕು. ನ್ಯೂಯಾರ್ಕ್, ಇಲಿನಾಯ್, ಪೆನ್ಸಿಲ್ವೇನಿಯಗಳಲ್ಲಿ ಈ ಕಸುಬಿಗೆ ಸಂಸ್ಥಾನದ ಮಟ್ಟದ ಪರವಾನಗಿ ಎಂಬುದೇ ಇಲ್ಲ; ಆಯಾ ನಗರ ಬಯಸಿದರೆ ತನ್ನ ನಿಯಮವನ್ನು ತಾನೇ ಮಾಡಿಕೊಳ್ಳುತ್ತದೆ. ಇಲಿನಾಯಿಯಲ್ಲಿ ಮನೆಗೆ ಮಾಡು ಹೊದಿಸುವವನಿಗೆ ಸಂಸ್ಥಾನದ ಪರವಾನಗಿ ಬೇಕು. ಆ ಮಾಡಿನ ಕೆಳಗೆ ಅನಿಲದಿಂದ ಉರಿಯುವ ಕುಲುಮೆಯನ್ನು ಇಡುವವನಿಗೆ ಬೇಡ.

ಈ ವೈಚಿತ್ರ್ಯವನ್ನು ಆ ದೇಶದ ಒಕ್ಕೂಟ ಪದ್ಧತಿಯ ಸಹಜ ಫಲವೆಂದು ತಳ್ಳಿಹಾಕಬಹುದು. ಆದರೆ ನಮಗೆ ಇದರಲ್ಲಿ ಅದಕ್ಕಿಂತ ಹೆಚ್ಚಿನ ಅರ್ಥವುಂಟೆಂದು ತೋರುತ್ತದೆ. ತನ್ನ ಮನೆಯ ಗೋಡೆಯೊಳಗೆ ಹಾದುಹೋಗುವ ಕೊಳವೆ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಗೃಹಸ್ಥನು ತಾನಾಗಿ ಅರಿಯಲಾರ. ಅರಿಯಲಾರದವನ ಪರವಾಗಿ ಯಾರು ಅರಿಯಬೇಕು? ಕೆಲಸ ಮಾಡುವ ಮನುಷ್ಯನನ್ನು ಪರೀಕ್ಷಿಸಬೇಕೋ, ಆತನು ಮಾಡಿದ ವಸ್ತುವನ್ನು ಪರೀಕ್ಷಿಸಬೇಕೋ, ಅಥವಾ ಅಪಾಯವು ಎಲ್ಲರಿಗೂ ತಾನಾಗಿ ಗೋಚರವಾಗುವಂತೆ ಮಾಡಬೇಕೋ? ಅಮೆರಿಕದ ಸಂಸ್ಥಾನಗಳು ಕಳೆದ ಎರಡು ಶತಮಾನಗಳಲ್ಲಿ ಈ ಮೂರು ದಾರಿಗಳನ್ನೂ ಹಿಡಿದು ನೋಡಿವೆ. ಮೂರರಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಹುಲುಸಾಗಿ ಬೆಳೆದುದು ಏಕೆ ಎಂಬುದೇ ಪ್ರಕೃತ ಲೇಖನದ ವಿಚಾರ.

ಮೊದಲು ಅಧಿಕಾರದ ಮೂಲವನ್ನು ಕುರಿತು ಒಂದೆರಡು ಮಾತು. ಪ್ರಜೆಗಳ ಆರೋಗ್ಯ, ಕ್ಷೇಮ, ನೀತಿಗಳನ್ನು ಕಾಪಾಡುವ ಸಾಮಾನ್ಯ ಅಧಿಕಾರವು ಅಮೆರಿಕದ ಸಂವಿಧಾನದಲ್ಲಿ ಸಂಸ್ಥಾನಗಳಿಗೆ ಸೇರಿದ್ದು. ಈ ಅಧಿಕಾರದಿಂದ ಒಂದು ವೃತ್ತಿಗೆ ಬಾಗಿಲು ಹಾಕಿ, ಅರ್ಹರಾದವರನ್ನು ಮಾತ್ರ ಒಳಗೆ ಬಿಡಬಹುದೇ ಎಂಬ ಪ್ರಶ್ನೆಯು ೧೮೮೯ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಪಶ್ಚಿಮ ವರ್ಜೀನಿಯ ಸಂಸ್ಥಾನದಲ್ಲಿ ಡೆಂಟ್ ಎಂಬ ವೈದ್ಯನಿಗೆ ಅಲ್ಲಿನ ಆರೋಗ್ಯ ಮಂಡಲಿ ಪ್ರಮಾಣಪತ್ರವನ್ನು ಕೊಡಲು ಒಪ್ಪಲಿಲ್ಲ. ಆತನು ಅದಿಲ್ಲದೆಯೇ ವೃತ್ತಿಯನ್ನು ನಡೆಸಿ ದಂಡ ತೆತ್ತು ಮೇಲ್ಮನವಿ ಮಾಡಿಕೊಂಡನು. ನ್ಯಾಯಮೂರ್ತಿ ಫೀಲ್ಡ್ ಅವರು ಬರೆದ ತೀರ್ಪು ಸಂಸ್ಥಾನದ ಪರವಾಯಿತು. ವೃತ್ತಿಯ ಸ್ವಾತಂತ್ರ್ಯ ಎಲ್ಲರಿಗೂ ಉಂಟು. ಆದರೆ ಆ ವೃತ್ತಿಗೆ ಸಂಬಂಧಪಟ್ಟ ಅರ್ಹತೆಗಳನ್ನು ವಿಧಿಸುವ ಹಕ್ಕು ಸಂಸ್ಥಾನಕ್ಕೂ ಉಂಟು ಎಂಬುದೇ ಅದರ ಸಾರ. ಮುಂದೆ ಬಂದ ವೃತ್ತಿಶಾಸನಗಳೆಲ್ಲ ಬಹುಮಟ್ಟಿಗೆ ಈ ತಳಹದಿಯ ಮೇಲೆ ನಿಂತಿವೆ.

ಆದರೆ ತಾಪದ ಕಸುಬಿನಲ್ಲಿ ಪರವಾನಗಿಯ ಕಥೆ ಇದಕ್ಕಿಂತ ಹಿಂದಿನದು. ಅದು ನದಿಯ ಮೇಲೆ ಪ್ರಾರಂಭವಾಗುತ್ತದೆ. ಮಿಸಿಸಿಪಿ, ಒಹಾಯೊ ನದಿಗಳಲ್ಲಿ ಓಡಾಡುತ್ತಿದ್ದ ಹಬೆಯ ಹಡಗುಗಳ ಬಾಯ್ಲರುಗಳು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೇಲಿಂದ ಮೇಲೆ ಸಿಡಿಯುತ್ತಿದ್ದುವು. ಫಿಲಡೆಲ್ಫಿಯದ ಫ್ರಾಂಕ್ಲಿನ್ ಸಂಸ್ಥೆ ೧೮೩೦ರ ದಶಕದಲ್ಲಿ ಒಕ್ಕೂಟ ಸರ್ಕಾರದ ಹಣದಿಂದ ಈ ಸಿಡಿತಗಳ ಕಾರಣವನ್ನು ಪ್ರಯೋಗಪೂರ್ವಕವಾಗಿ ಶೋಧಿಸಿತು. ೧೮೩೮ರ ಏಪ್ರಿಲಿನಲ್ಲಿ ಸಿನ್ಸಿನಾಟಿಯ ಬಳಿ ‘ಮೊಸೆಲ್’ ಹಡಗು ಸಿಡಿದು ಬಹುಜನ ಸತ್ತ ವರ್ಷವೇ ಮೊದಲ ತನಿಖಾ ಶಾಸನ ಹುಟ್ಟಿತು. ಅದು ಸಾಲದೆಂದು ಕಂಡುಬಂದು ೧೮೫೨ರಲ್ಲಿ ಮತ್ತೊಂದು ಶಾಸನವಾಗಿ, ಬಾಯ್ಲರನ್ನು ನೀರಿನ ಒತ್ತಡದಿಂದ ಪರೀಕ್ಷಿಸುವುದೂ, ಹಡಗಿನ ಎಂಜಿನಿಯರು ಮತ್ತು ಚುಕ್ಕಾಣಿಗಾರರಿಗೆ ಪರವಾನಗಿ ಕೊಡುವುದೂ ಏಕಕಾಲದಲ್ಲಿ ಜಾರಿಗೆ ಬಂದುವು. ವಸ್ತುವೂ ಮನುಷ್ಯನೂ ಒಟ್ಟಿಗೆ ಪರೀಕ್ಷೆಗೆ ಒಳಗಾದ ಈ ಏರ್ಪಾಡಿನಿಂದ ಸಾವುಗಳು ಕಡಿಮೆಯಾದುವೆಂಬುದು ನಿಜ. ಆದರೂ ೧೮೬೫ರ ಏಪ್ರಿಲ್ ೨೭ರಂದು, ಅವಸರದಲ್ಲಿ ತೇಪೆ ಹಾಕಿಸಿಕೊಂಡ ಬಾಯ್ಲರಿನೊಡನೆ, ಮಿತಿಮೀರಿ ಜನರನ್ನು ತುಂಬಿಕೊಂಡು ಹೊರಟ ‘ಸುಲ್ತಾನ’ ಹಡಗು ಸಿಡಿದು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಪರವಾನಗಿಯ ಪತ್ರವು ತೇಪೆಯನ್ನು ಗಟ್ಟಿಮಾಡಲಾರದು ಎಂಬುದು ಅಂದಿಗೇ ತಿಳಿದ ಪಾಠ.

ನೆಲದ ಮೇಲಿನ ಬಾಯ್ಲರುಗಳ ವಿಷಯದಲ್ಲಿ ನಡೆದುದು ಬೇರೆ. ೧೮೬೬ರಲ್ಲಿ ಕನೆಕ್ಟಿಕಟ್ಟಿನ ಹಾರ್ಟ್‌ಫರ್ಡ್ ನಗರದಲ್ಲಿ ಬಾಯ್ಲರಿನ ತನಿಖೆ ಮತ್ತು ವಿಮೆಗಾಗಿಯೇ ಒಂದು ಕಂಪನಿ ಸ್ಥಾಪಿತವಾಯಿತು. ವಿಮೆ ಕೊಡುವವನು ತನ್ನ ಹಣದ ಭಯದಿಂದ ತಾನೇ ತನಿಖೆ ಮಾಡುತ್ತಿದ್ದನು. ೧೯೦೫ರ ಮಾರ್ಚ್ ೨೦ರಂದು ಮ್ಯಾಸಚೂಸೆಟ್ಸಿನ ಬ್ರಾಕ್‌ಟನ್ನಿನಲ್ಲಿ ಗ್ರೋವರ್ ಪಾದರಕ್ಷೆ ಕಾರ್ಖಾನೆಯ ಹಳೆಯ ಬಾಯ್ಲರು ಸಿಡಿದು ಕಟ್ಟಡವು ಕುಸಿದು ಹೊತ್ತಿಕೊಂಡಾಗ ೫೮ ಮಂದಿ ಸತ್ತರು. ಲೋಹದ ತಗಡುಗಳು ಒಂದರ ಮೇಲೊಂದು ಕೂಡುವ ಅಂಚಿನಲ್ಲಿದ್ದ ಬಿರುಕು ಹೊರಗಿನ ಕಣ್ಣಿಗೆ ಕಾಣುವಂಥದಾಗಿರಲಿಲ್ಲ. ಎಂಥ ನಿಪುಣನೂ ಅದನ್ನು ಕಾಣಲಾರನೆಂದಾಗ ಬಾಯ್ಲರನ್ನು ಕಟ್ಟುವ ಕ್ರಮವನ್ನೇ ತಿದ್ದಬೇಕಾಯಿತು. ೧೯೦೭ರಲ್ಲಿ ಮ್ಯಾಸಚೂಸೆಟ್ಸ್ ಬಾಯ್ಲರ್ ನಿಯಮಗಳ ಮಂಡಲಿಯನ್ನು ನೇಮಿಸಿತು; ಅಮೆರಿಕದ ಯಂತ್ರಶಿಲ್ಪಿಗಳ ಸಂಘವು ೧೯೧೪ರ ಸಂಹಿತೆಯಲ್ಲಿ ಆ ನಿಯಮಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ರೂಪಿಸಿತು. ಇಲ್ಲಿ ಗೆದ್ದುದು ವಸ್ತುವಿನ ಪರೀಕ್ಷೆ. ನಮ್ಮ ದೇಶದಲ್ಲಿಯೂ ೧೮೬೩ರಲ್ಲಿ ಕಲ್ಕತ್ತೆಯಲ್ಲಿ ನಡೆದ ಬಾಯ್ಲರ್ ಸಿಡಿತದ ಪರಿಣಾಮವಾಗಿ ೧೮೬೪ರ ಬಂಗಾಳದ ಶಾಸನ ಹುಟ್ಟಿತೆಂಬುದನ್ನೂ, ಆ ಪರಂಪರೆಯಲ್ಲಿ ಬಂದ ೧೯೨೩ರ ಬಾಯ್ಲರ್ ಶಾಸನವು ೨೦೨೫ರವರೆಗೆ ಬಾಳಿ ಹೊಸ ಶಾಸನಕ್ಕೆ ಎಡೆಮಾಡಿಕೊಟ್ಟಿತೆಂಬುದನ್ನೂ ಇಲ್ಲಿ ನೆನೆಯಬಹುದು.

ಹೀಗೆ ವಸ್ತುವಿನ ಪರೀಕ್ಷೆಗೆ ಒಳ್ಳೆಯ ಮಾದರಿಯೊಂದು ಕಣ್ಣೆದುರಿಗಿದ್ದರೂ ಮನೆಯೊಳಗಿನ ಕಸುಬುಗಳು ಅದನ್ನು ಅನುಸರಿಸಲಿಲ್ಲ. ಅವು ಹಿಡಿದದ್ದು ಕೊಳಾಯಿ ಕೆಲಸದವರ ದಾರಿಯನ್ನು.

ಕೊಳಾಯಿ ಕೆಲಸದ ಪರವಾನಗಿ ಹುಟ್ಟಿದ್ದು ಹೊಲಸುಗಾಳಿಯ ಭಯದಿಂದ. ಚರಂಡಿಯಿಂದ ಮನೆಯೊಳಕ್ಕೆ ನುಗ್ಗುವ ಗಾಳಿಯೇ ರೋಗಕ್ಕೆ ಮೂಲವೆಂದು ಅಂದಿನ ವೈದ್ಯರು ನಂಬಿದ್ದರು. ನಂಬಿಕೆ ಪೂರ್ತಿಯಾಗಿ ಸರಿಯಲ್ಲ. ಆದರೆ ಕೆಟ್ಟ ಕೊಳವೆಯಿಂದ ರೋಗ ಬರುವುದು ಸುಳ್ಳಲ್ಲ. ನ್ಯೂಯಾರ್ಕ್ ಸಂಸ್ಥಾನದ ೧೮೯೨ರ ಶಾಸನದ ಪ್ರಕಾರ ನಗರಗಳಲ್ಲಿ ಯಜಮಾನ ಕೊಳಾಯಿಗಾರನಾಗಿ ವ್ಯವಹರಿಸುವವನು ಪರೀಕ್ಷಕ ಮಂಡಲಿಯ ಮುಂದೆ ನಿಂತು ಪ್ರಮಾಣಪತ್ರವನ್ನು ಪಡೆಯಬೇಕಾಗಿತ್ತು. ಪ್ರಮಾಣಪತ್ರವಿಲ್ಲದೆ ಕೆಲಸ ನಡೆಸಿ ಸೆರೆಯಾದವನೊಬ್ಬನು ಈ ಶಾಸನವು ಸಂವಿಧಾನಕ್ಕೆ ವಿರುದ್ಧವೆಂದು ವಾದಿಸಿದಾಗ, ಸಂಸ್ಥಾನದ ಉಚ್ಚತಮ ನ್ಯಾಯಾಲಯವು ೧೮೯೫ರಲ್ಲಿ ಶಾಸನವನ್ನೇ ಎತ್ತಿಹಿಡಿಯಿತು. ಆದರೆ ನ್ಯಾಯಮೂರ್ತಿ ಪೆಕ್‌ಹ್ಯಾಮ್ ಅವರು ಭಿನ್ನಮತವನ್ನು ಬರೆದರು. ಅವರ ಆಕ್ಷೇಪದ ತಿರುಳಿಷ್ಟು: ಈ ಶಾಸನ ಆರೋಗ್ಯದ ಹೆಸರನ್ನು ಹೇಳುತ್ತದೆ, ಅದರ ನಿಜವಾದ ಕಾರ್ಯವೋ ಯಜಮಾನ ಕೊಳಾಯಿಗಾರರು ತಮ್ಮದೇ ಒಂದು ಶ್ರೇಣಿಯನ್ನು ಕಟ್ಟಿಕೊಂಡು ಹೊಸಬರನ್ನು ಹೊರಗಿಡಲು ಅನುವುಮಾಡಿಕೊಡುವುದು.

ಶ್ರೇಣಿ ಎಂಬ ಮಾತನ್ನು ನಾವು ಬೇಕೆಂದೇ ಬಳಸಿದ್ದೇವೆ. ನಮ್ಮ ಶಾಸನಗಳನ್ನು ಓದಿದವರಿಗೆ ಅಯ್ಯಾವೊಳೆಯ ಐನೂರ್ವರಂಥ ವಣಿಕ್ ಸಂಘಗಳೂ ಕಸುಬುಗಾರರ ಕೂಟಗಳೂ ಅಪರಿಚಿತವಲ್ಲ. ತಮ್ಮವರ ಗುಣಕ್ಕೆ ತಾವೇ ಹೊಣೆ ನಿಲ್ಲುವುದೂ, ತಮ್ಮವರಲ್ಲದವರಿಗೆ ಎಡೆಗೊಡದಿರುವುದೂ ಇಂಥ ಕೂಟಗಳಲ್ಲಿ ಒಂದೇ ನಾಣ್ಯದ ಎರಡು ಮುಖಗಳಾಗಿರುತ್ತವೆ. ಪೆಕ್‌ಹ್ಯಾಮ್ ಅವರು ಕಂಡದ್ದು ಎರಡನೆಯ ಮುಖವನ್ನು. ಇದೇ ನ್ಯಾಯಮೂರ್ತಿಗಳು ಮುಂದೆ ದೇಶದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ೧೯೦೫ರ ಲಾಕ್ನರ್ ಮೊಕದ್ದಮೆಯಲ್ಲಿ ರೊಟ್ಟಿ ಸುಡುವ ಕೆಲಸಗಾರರ ದುಡಿಮೆಯ ಹೊತ್ತಿಗೆ ಮಿತಿ ಹಾಕಿದ ಶಾಸನವನ್ನು ರದ್ದುಮಾಡಿದ ತೀರ್ಪನ್ನು ಬರೆದರೆಂಬುದನ್ನು ಮರೆಯಬಾರದು. ಅವರಿಗೆ ಸರ್ಕಾರದ ಕೈ ಎಲ್ಲಿ ಕಂಡರೂ ಸಂಶಯ. ಆದರೂ ಕೊಳಾಯಿಗಾರರ ಮೊಕದ್ದಮೆಯಲ್ಲಿ ಅವರ ಸಂಶಯಕ್ಕೆ ಹುರುಳಿತ್ತೆಂದೇ ನಮ್ಮ ಅಭಿಪ್ರಾಯ. ಆ ಶಾಸನವು ಯಜಮಾನನನ್ನು ಪರೀಕ್ಷಿಸುತ್ತಿತ್ತು. ಕೈಯಾರೆ ಕೊಳವೆಯನ್ನು ಕೂಡಿಸುವ ಆಳನ್ನು ಪರೀಕ್ಷಿಸುತ್ತಿರಲಿಲ್ಲ.

ಕ್ಷೇಮದ ಹೆಸರಿನ ಪರವಾನಗಿ ಯಾರನ್ನು ಹೊರಗಿಡಬಲ್ಲದೆಂಬುದಕ್ಕೆ ಇನ್ನೂ ಕಟುವಾದ ನಿದರ್ಶನ ಸ್ಯಾನ್ ಫ್ರಾನ್ಸಿಸ್ಕೋ ನಗರದ್ದು. ಮರದ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಅಂಗಡಿಗಳನ್ನು ನಡೆಸಲು ಅಪ್ಪಣೆ ಬೇಕೆಂದು ೧೮೮೦ರಲ್ಲಿ ಆ ನಗರ ನಿಯಮ ಮಾಡಿತು. ಕಾರಣ ಬೆಂಕಿಯ ಭಯ. ಅರ್ಜಿ ಹಾಕಿದ ಸುಮಾರು ೨೦೦ ಮಂದಿ ಚೀನೀಯರಲ್ಲಿ ಒಬ್ಬರಿಗೂ ಅಪ್ಪಣೆ ಸಿಕ್ಕಲಿಲ್ಲ; ಚೀನೀಯರಲ್ಲದ ೮೦ ಮಂದಿಯಲ್ಲಿ ಒಬ್ಬರ ಹೊರತು ಎಲ್ಲರಿಗೂ ಸಿಕ್ಕಿತು. ೧೮೮೬ರಲ್ಲಿ ಯಿಕ್ ವೋ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಇದನ್ನು ತಳ್ಳಿಹಾಕಿತು. ನಿಯಮದ ಮಾತು ನಿಷ್ಪಕ್ಷಪಾತವಾಗಿದ್ದರೂ ಅದನ್ನು ನಡೆಸುವ ಕೈ ನಿಷ್ಪಕ್ಷಪಾತವಾಗಿರಬೇಕೆಂದು ಅದು ಸಾರಿತು. ಮಾತು ಮಾತಾಗಿಯೇ ಉಳಿಯಿತೆನ್ನಬೇಕು. ಮುಂದಿನ ಹಲವು ದಶಕಗಳಲ್ಲಿ ದಕ್ಷಿಣದ ಅನೇಕ ನಗರಗಳ ಕೊಳಾಯಿ ಮತ್ತು ವಿದ್ಯುತ್ ಪರೀಕ್ಷಕ ಮಂಡಲಿಗಳಲ್ಲಿ ಬಿಳಿಯ ಕಸುಬುಗಾರರೇ ಕುಳಿತು, ಕರಿಯ ಕಸುಬುಗಾರರಿಗೆ ಪರೀಕ್ಷೆಯ ಬಾಗಿಲನ್ನೇ ತೆರೆಯದೆ ಅವರನ್ನು ಕಸುಬಿನಿಂದ ದೂಡಿದರು.

ಇನ್ನು ತಂಪಿನ ಕಡೆಗೆ ತಿರುಗೋಣ. ೧೯೦೨ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕಾಗಿ ಗಾಳಿಯ ತೇವವನ್ನು ನಿಯಂತ್ರಿಸುವ ಏರ್ಪಾಡನ್ನು ರೂಪಿಸಿದರು. ಆ ಕಾಲದ ಶೈತ್ಯಯಂತ್ರಗಳೊಳಗೆ ಹರಿಯುತ್ತಿದ್ದುದು ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಮೊದಲಾದ ದ್ರವ್ಯಗಳು. ಮೊದಲಿನ ಎರಡು ಸೋರಿದರೆ ಮೂಗು ಕೂಡಲೆ ಕೂಗಿ ಹೇಳುತ್ತದೆ. ಮೂರನೆಯದರ ವಾಸನೆ ಬಹು ಮಂದ. ೧೯೨೦ರ ದಶಕದ ಕೊನೆಯಲ್ಲಿ ಚಿಕಾಗೋ ನಗರದ ವಸತಿಗೃಹಗಳಲ್ಲಿ ರೆಫ್ರಿಜರೇಟರುಗಳಿಂದ ಮೀಥೈಲ್ ಕ್ಲೋರೈಡ್ ಸೋರಿ, ಮಲಗಿದ್ದ ಹಲವರು ಏಳಲೇ ಇಲ್ಲ. ಇದಕ್ಕೆ ಪರಿಹಾರ ಬಂದದ್ದು ಶಾಸನಸಭೆಯಿಂದಲ್ಲ, ಪ್ರಯೋಗಶಾಲೆಯಿಂದ. ೧೯೩೦ರ ಏಪ್ರಿಲಿನಲ್ಲಿ ಅಟ್ಲಾಂಟ ನಗರದಲ್ಲಿ ರಸಾಯನವಿಜ್ಞಾನಿಗಳ ಸಭೆಯ ಮುಂದೆ ಥಾಮಸ್ ಮಿಡ್ಜ್‌ಲಿ ತಾನು ಕಂಡುಹಿಡಿದ ಹೊಸ ಅನಿಲವನ್ನು ಎದೆಯ ತುಂಬ ಎಳೆದುಕೊಂಡು, ಅದನ್ನು ಊದಿ ದೀಪವೊಂದನ್ನು ಆರಿಸಿದನು. ವಿಷವೂ ಅಲ್ಲ, ಉರಿಯುವುದೂ ಇಲ್ಲ. ‘ಫ್ರಿಯಾನ್’ ಎಂಬ ಹೆಸರಿನಿಂದ ಅದು ಮನೆಮನೆಗೆ ಹೊಕ್ಕಿತು. ಅಪಾಯವೇ ತೊಲಗಿತೆಂದು ತೋರಿದ ಮೇಲೆ ಶೈತ್ಯದ ಕಸುಬುಗಾರನನ್ನು ಪರೀಕ್ಷಿಸುವ ಅವಸರ ಯಾರಿಗೂ ಇರಲಿಲ್ಲ. ತಾಪದ ಕಸುಬಿಗಿಂತ ಶೈತ್ಯದ ಕಸುಬಿಗೆ ಪರವಾನಗಿ ತಡವಾಗಿ ಬಂದುದಕ್ಕೆ ಇದೊಂದು ಕಾರಣವಿರಬೇಕೆಂದು ನಮ್ಮ ಊಹೆ.

ಈ ನಡುವೆ ಕ್ಯಾಲಿಫೋರ್ನಿಯ ಬೇರೊಂದು ಜಾಡನ್ನು ಹಿಡಿಯಿತು. ಅಲ್ಲಿ ೧೯೨೯ರಲ್ಲಿ ಗುತ್ತಿಗೆದಾರರ ಪರವಾನಗಿ ಕಚೇರಿ ಸ್ಥಾಪಿತವಾದುದರ ಹಿಂದೆ ಸಿಡಿತವಾಗಲಿ ವಿಷವಾಗಲಿ ಇರಲಿಲ್ಲ. ಇದ್ದುದು ಹಣ ಪಡೆದು ಕೆಲಸವನ್ನು ಅರ್ಧಕ್ಕೆ ಬಿಟ್ಟುಹೋಗುವ ಗುತ್ತಿಗೆದಾರರನ್ನು ಕುರಿತ ದೂರು. ಪ್ರಾರಂಭದಲ್ಲಿ ಕಡ್ಡಾಯವಾದ ಪರೀಕ್ಷೆ ಸಹ ಇರಲಿಲ್ಲ. ಅರ್ಜಿದಾರನು ತನ್ನ ಕಸುಬನ್ನು ಬಲ್ಲನೇ ಎಂಬ ಪರೀಕ್ಷೆ ಕಡ್ಡಾಯವಾದದ್ದು ೧೯೩೮ರಲ್ಲಿ. ಇಂದು ಅಲ್ಲಿ ಬಿಸಿಗಾಳಿಯ ತಾಪನ, ವಾತಾಯನ, ಹವಾನಿಯಂತ್ರಣಗಳಿಗೆ ‘ಸಿ-೨೦’ ಎಂಬ ವರ್ಗವೂ, ಶೈತ್ಯಾಗಾರಗಳ ಕೆಲಸಕ್ಕೆ ‘ಸಿ-೩೮’ ಎಂಬ ಬೇರೆ ವರ್ಗವೂ ಉಂಟು. ಕಳೆದ ಹತ್ತು ವರ್ಷಗಳೊಳಗೆ ನಾಲ್ಕು ವರ್ಷಗಳ ಪಳಗಿದ ಅನುಭವ, ಕಸುಬನ್ನು ಕುರಿತು ಒಂದು ಪರೀಕ್ಷೆ, ಕಾಯಿದೆ ಮತ್ತು ವ್ಯವಹಾರಗಳನ್ನು ಕುರಿತು ಇನ್ನೊಂದು ಪರೀಕ್ಷೆ, ೨೫,೦೦೦ ಡಾಲರಿನ ಮುಚ್ಚಳಿಕೆ, ಇವಿಷ್ಟೂ ಬೇಕು. ಬಹುಕಾಲ ೫೦೦ ಡಾಲರಿಗಿಂತ ಕಡಿಮೆಯ ಚಿಲ್ಲರೆ ಕೆಲಸಗಳಿಗೆ ಪರವಾನಗಿಯಿಂದ ವಿನಾಯಿತಿಯಿದ್ದಿತು. ೨೦೨೫ರ ಜನವರಿಯಿಂದ ಆ ಮಿತಿ ೧,೦೦೦ ಡಾಲರಿಗೆ ಏರಿದೆ.

ಈ ಶಾಸನದ ಹಲ್ಲು ಎಲ್ಲಿದೆಯೆಂಬುದನ್ನು ನೋಡಬೇಕು. ಪರವಾನಗಿಯಿಲ್ಲದವನು ಎಷ್ಟೇ ಚೆನ್ನಾಗಿ ಕೆಲಸ ಮಾಡಿದ್ದರೂ ಕೂಲಿಗಾಗಿ ದಾವೆ ಹೂಡುವಂತಿಲ್ಲ. ೧೯೯೧ರಲ್ಲಿ ಆ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯವು, ಪಾಮ್ ಸ್ಪ್ರಿಂಗ್ಸಿನ ಜಲೋದ್ಯಾನವೊಂದರಲ್ಲಿ ಕೃತಕ ಅಲೆಗಳ ಕೊಳಕ್ಕೆ ಯಂತ್ರ ಕೂಡಿಸಿದ ಹೊರಗಿನ ಸಂಸ್ಥೆಯ ಮೊಕದ್ದಮೆಯಲ್ಲಿ, ಕೆಲಸ ಮಾಡಿಸಿಕೊಂಡವರು ಮೊದಲಿನಿಂದಲೂ ಹಣ ಕೊಡುವ ಮನಸ್ಸಿಲ್ಲದೆ ವಂಚಿಸಿದರೆಂದು ಆ ಸಂಸ್ಥೆ ಹೇಳಿಕೊಂಡರೂ ಈ ನಿಯಮವೇ ನಿಲ್ಲುವುದೆಂದು ತೀರ್ಮಾನಿಸಿತು. ಮುಂದೆ ಶಾಸನಸಭೆ ಇನ್ನೂ ಒಂದು ಹೆಜ್ಜೆ ಇಟ್ಟು, ಕೊಟ್ಟ ಹಣವನ್ನೂ ಹಿಂದಕ್ಕೆ ಪಡೆಯುವ ಹಕ್ಕನ್ನು ಗಿರಾಕಿಗೆ ಕೊಟ್ಟಿದೆ. ಮೋಸಗಾರನನ್ನು ಹಿಡಿಯಲು ಹೆಣೆದ ಬಲೆಯಲ್ಲಿ ಮೋಸಹೋದ ಕಸುಬುಗಾರನೂ ಸಿಕ್ಕಿಬೀಳುವುದುಂಟೆಂಬುದನ್ನು ನ್ಯಾಯಾಲಯ ಅರಿಯದೆ ಇರಲಿಲ್ಲ. ಅರಿತೇ ಹಾಗೆ ವಿಧಿಸಿತು.

ಇಷ್ಟು ಹಿನ್ನೆಲೆಯಿಂದ ನಾವು ೧೯೩೭ರ ಟೆಕ್ಸಾಸಿಗೆ ಬರೋಣ. ನಮ್ಮ ವಿಚಾರದ ಮೂರು ದಾರಿಗಳೂ ಒಂದೆಡೆ ಕೂಡುವುದು ಅಲ್ಲಿ.

ಪೂರ್ವ ಟೆಕ್ಸಾಸಿನ ತೈಲಕ್ಷೇತ್ರದ ನಡುವೆ ನ್ಯೂ ಲಂಡನ್ ಎಂಬ ಹಳ್ಳಿ. ಎಣ್ಣೆಯ ಭಾಗ್ಯದಿಂದ ಅಲ್ಲಿಯ ಶಾಲೆ ಗ್ರಾಮಾಂತರ ಶಾಲೆಗಳಲ್ಲೆಲ್ಲ ಸಿರಿವಂತವಾದವುಗಳಲ್ಲಿ ಒಂದೆಂದು ಹೆಸರಾಗಿತ್ತು. ಶಿಲ್ಪಿಯು ಕಟ್ಟಡಕ್ಕೆ ಒಂದೇ ಬಾಯ್ಲರಿನಿಂದ ಹಬೆಯನ್ನು ಹಂಚುವ ತಾಪನ ವ್ಯವಸ್ಥೆಯನ್ನು ಯೋಜಿಸಿದ್ದನು. ಶಾಲೆಯ ಆಡಳಿತ ಮಂಡಲಿ ಅದನ್ನು ಬದಿಗೊತ್ತಿ, ಕಟ್ಟಡದುದ್ದಕ್ಕೂ ೭೨ ಅನಿಲದ ಒಲೆಗಳನ್ನು ಹೂಡಿಸಿತು. ೧೯೩೭ರ ಮೊದಲಲ್ಲಿ ಅನಿಲದ ಖರ್ಚನ್ನು ಉಳಿಸುವ ಸಲುವಾಗಿ ಮಂಡಲಿಯು ಅನಿಲ ಸರಬರಾಯಿಯ ಕರಾರನ್ನು ರದ್ದುಮಾಡಿ, ಹತ್ತಿರದ ತೈಲ ಕಂಪನಿಯೊಂದರ ಉಳಿಕೆ ಅನಿಲದ ಕೊಳವೆಗೆ ತನ್ನ ಕೊಳವೆಯನ್ನು ಕೂಡಿಸಿತು. ಆ ಉಳಿಕೆ ಅನಿಲವನ್ನು ಸಾಮಾನ್ಯವಾಗಿ ಸುಮ್ಮನೆ ಸುಟ್ಟುಬಿಡುತ್ತಿದ್ದರು. ಸುತ್ತಲಿನ ಮನೆಗಳವರೂ ಚರ್ಚುಗಳವರೂ ಹೀಗೆಯೇ ಅದನ್ನು ಎಳೆದುಕೊಳ್ಳುತ್ತಿದ್ದರು. ಕಂಪನಿಗಳು ಒಪ್ಪಿಗೆ ಕೊಟ್ಟಿರಲಿಲ್ಲ, ತಡೆಯುತ್ತಲೂ ಇರಲಿಲ್ಲ.

ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎಲ್ಲಿಯೋ ಒಂದು ಕೂಡುಗಂಟು ಸೋರಿ, ಕಟ್ಟಡದ ಉದ್ದಕ್ಕೂ ನೆಲದಡಿಯಿದ್ದ ಪೊಳ್ಳಿನಲ್ಲಿ ಅನಿಲ ತುಂಬಿಕೊಂಡಿತು. ಮಕ್ಕಳು ತಲೆನೋವೆಂದು ಹೇಳುತ್ತಿದ್ದರಂತೆ. ಯಾರೂ ಅದನ್ನು ಲೆಕ್ಕಕ್ಕೆ ಇಡಲಿಲ್ಲ. ಮಾರ್ಚ್ ೧೮ರ ಗುರುವಾರ, ಮಧ್ಯಾಹ್ನ ಮೂರು ಗಂಟೆ ಕಳೆದಿತ್ತು. ಕೈಗೆಲಸದ ಉಪಾಧ್ಯಾಯನು ಮರ ಉಜ್ಜುವ ಯಂತ್ರದ ವಿದ್ಯುತ್ ಗುಂಡಿಯನ್ನು ಒತ್ತಿದನು. ಕಿಡಿ ಹಾರಿತು, ಕಟ್ಟಡವು ನೆಲದಿಂದ ಮೇಲೆದ್ದು ಕುಸಿಯಿತು. ಸತ್ತವರು ಸುಮಾರು ೩೦೦ ಮಂದಿ, ಅವರಲ್ಲಿ ಬಹುಪಾಲು ಮಕ್ಕಳು. ಶಾಲೆಯ ಅಧೀಕ್ಷಕನು ತನ್ನ ಮಗನನ್ನೂ ಕಳೆದುಕೊಂಡನು. ತೈಲಬಾವಿಗಳ ಕೂಲಿಗಳು, ಅವರಲ್ಲಿ ಅನೇಕರು ಆ ಮಕ್ಕಳ ತಂದೆಯರೇ, ರಾತ್ರಿಯೆಲ್ಲ ಮಳೆಯಲ್ಲಿ ಇಟ್ಟಿಗೆ ಕಲ್ಲುಗಳನ್ನು ಬಗೆದರು. ಎಳೆಯ ವರದಿಗಾರನಾಗಿದ್ದ ವಾಲ್ಟರ್ ಕ್ರಾಂಕೈಟ್ ಅಲ್ಲಿಗೆ ಹೋಗಿದ್ದನು. ಜರ್ಮನಿಯಿಂದ ಹಿಟ್ಲರನು ಸಂತಾಪದ ತಂತಿಯನ್ನು ಕಳುಹಿಸಿದನೆಂಬುದನ್ನು ಚರಿತ್ರಕಾರರು ಮರೆಯದೆ ಹೇಳುತ್ತಾರೆ.

ಟೆಕ್ಸಾಸಿನ ಶಾಸನಸಭೆ ಕೆಲವೇ ವಾರಗಳಲ್ಲಿ ಎರಡು ಶಾಸನಗಳನ್ನು ಮಾಡಿತು. ಮೊದಲನೆಯದು, ಮಾರುವ ಅನಿಲಕ್ಕೆ ಕೊಳೆತ ನಾತವನ್ನು ಬೆರೆಸಬೇಕೆಂಬ ಶಾಸನ. ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ದ್ರವ್ಯವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೂ ಮೂಗು ಅದನ್ನು ಹಿಡಿಯುತ್ತದೆ. ಎರಡನೆಯದು, ಎಂಜಿನಿಯರೆಂದು ಹೇಳಿಕೊಂಡು ಕೆಲಸ ಮಾಡುವವನು ಸಂಸ್ಥಾನದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಶಾಸನ. ಮುಂದೆ ೧೯೪೭ರಲ್ಲಿ ಕೊಳಾಯಿ ಕೆಲಸದ ಪರವಾನಗಿ ಶಾಸನವೂ ಅದನ್ನು ನಡೆಸುವ ಪರೀಕ್ಷಕ ಮಂಡಲಿಯೂ ಬಂದುವು. ಅನಿಲದ ಕೊಳವೆಯ ಕೆಲಸ ಅದರ ವ್ಯಾಪ್ತಿಯೊಳಗೆ ಸೇರಿತ್ತು.

ಈ ಶಾಸನಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿನೋಡಿದರೆ ಒಂದು ಸಂಗತಿ ಎದ್ದುಕಾಣುತ್ತದೆ. ವಾಸನೆಯ ಶಾಸನವು ಯಾರ ಕಸುಬನ್ನೂ ಕಾಯಲಿಲ್ಲ, ಯಾರನ್ನೂ ಹೊರಗಿಡಲಿಲ್ಲ; ಅಪಾಯವನ್ನು ಅರಿಯುವ ಶಕ್ತಿಯನ್ನು ಆರು ವರ್ಷದ ಕೂಸಿನ ಮೂಗಿಗೂ ಕೊಟ್ಟಿತು. ಇಂದು ಇದೇ ಕ್ರಮ ಲೋಕದ ಬಹುಭಾಗದಲ್ಲಿ ನಡೆಯುತ್ತಿದೆ. ನಮ್ಮ ಅಡುಗೆಮನೆಯ ಅನಿಲದ ನಾತವೂ ಇದೇ ಜಾತಿಯದು. ೧೯೪೭ರ ಪರವಾನಗಿ ಶಾಸನವೋ, ನಗರಸೀಮೆಯ ಹೊರಗಿನ ಕೆಲಸಕ್ಕೂ, ೫,೦೦೦ಕ್ಕಿಂತ ಕಡಿಮೆ ಜನವಿರುವ ಊರುಗಳ ಕೆಲಸಕ್ಕೂ, ಊರು ತಾನಾಗಿ ನಿಯಮ ಮಾಡಿಕೊಳ್ಳದ ಹೊರತು, ವಿನಾಯಿತಿಯನ್ನು ಕೊಟ್ಟಿತು. ನ್ಯೂ ಲಂಡನ್ ಆಗ ನಗರಸಭೆಯಿಲ್ಲದ ಹಳ್ಳಿ. ಅಂದರೆ ೧೯೩೭ರ ಕೂಡುಗಂಟಿಗೆ ಕೈಹಾಕಿದವನು ಹತ್ತು ವರ್ಷಗಳ ಬಳಿಕ ಅದೇ ಊರಿನಲ್ಲಿ ಅದೇ ಕೆಲಸವನ್ನು ಮಾಡಿದ್ದರೂ ಆತನಿಗೆ ಪರವಾನಗಿಯ ಹಂಗಿರುತ್ತಿರಲಿಲ್ಲ.

ಟೆಕ್ಸಾಸಿನ ಹವಾನಿಯಂತ್ರಣ ಮತ್ತು ಶೈತ್ಯ ಗುತ್ತಿಗೆದಾರರ ಪರವಾನಗಿ ಶಾಸನ ಬಂದದ್ದು ೧೯೮೩ರಲ್ಲಿ. ಸೆಕೆಗೆ ಹೆಸರಾದ ಆ ನಾಡಿನಲ್ಲಿ ಅಷ್ಟುಹೊತ್ತಿಗೆ ತಂಪಿನ ಯಂತ್ರವಿಲ್ಲದ ಮನೆ ಅಪರೂಪವಾಗಿತ್ತು. ‘ಎ’ ವರ್ಗದ ಪರವಾನಗಿ ಪಡೆದವನು ಎಷ್ಟು ದೊಡ್ಡ ಯಂತ್ರವನ್ನಾದರೂ ಹೂಡಬಹುದು. ‘ಬಿ’ ವರ್ಗದವನಿಗೆ ತಂಪಿನಲ್ಲಿ ೨೫ ಟನ್, ಬಿಸಿಯಲ್ಲಿ ಗಂಟೆಗೆ ೧೫ ಲಕ್ಷ ಬ್ರಿಟಿಷ್ ಉಷ್ಣಮಾನಗಳ ಮಿತಿ. ಫ್ಲಾರಿಡದ ‘ಬಿ’ ವರ್ಗಕ್ಕೂ ತಂಪಿನ ಮಿತಿ ೨೫ ಟನ್ನೇ. ಬಿಸಿಯ ಮಿತಿ ಮಾತ್ರ ೫ ಲಕ್ಷ. ಕುಲುಮೆಯ ಶಾಸ್ತ್ರ ಸಂಸ್ಥಾನದ ಗಡಿ ದಾಟಿದೊಡನೆ ಮೂರು ಪಟ್ಟು ಬದಲಾಗುವುದಿಲ್ಲವಾದ್ದರಿಂದ ಈ ಅಂಕಿಗಳು ಸಭೆಯ ಮೇಜಿನ ಸುತ್ತ ಹುಟ್ಟಿದುವೆಂದೇ ತಿಳಿಯಬೇಕು.

‘ಟನ್’ ಎಂಬ ಈ ಅಳತೆಯ ಹಿಂದೆ ಒಂದು ಚಿಕ್ಕ ಕಥೆಯುಂಟು. ೨,೦೦೦ ಪೌಂಡು ಮಂಜುಗಡ್ಡೆ ೨೪ ಗಂಟೆಗಳಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖವೇ ಒಂದು ಟನ್ ತಂಪು. ಗಂಟೆಗೆ ೧೨,೦೦೦ ಉಷ್ಣಮಾನ. ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜನ್ನು ಕೊಯ್ದು ಮಾರುತ್ತಿದ್ದ ಕಾಲದ ನೆನಪು ಅದರಲ್ಲಿ ಉಳಿದುಕೊಂಡಿದೆ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ೧೮೩೩ರಲ್ಲಿ ಅಂಥ ಮಂಜುಗಡ್ಡೆಯನ್ನು ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ್ದನು. ಅದನ್ನು ಮಾರಲು ಆತನಿಗೆ ಯಾವ ಪರವಾನಗಿಯೂ ಬೇಕಾಗಿರಲಿಲ್ಲ.

ಮಿಡ್ಜ್‌ಲಿಯ ನಿರಪಾಯವಾದ ಅನಿಲವು ಆಕಾಶದ ಓಜೋನ್ ಪದರವನ್ನು ತಿನ್ನುತ್ತದೆಂದು ೧೯೭೪ರಲ್ಲಿ ಮೊಲೀನ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ತೋರಿಸಿದರು. ೧೯೮೭ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಇದರೊಡನೆ ಒಕ್ಕೂಟ ಸರ್ಕಾರವೂ ಈ ಕಸುಬಿನೊಳಕ್ಕೆ ಕಾಲಿಟ್ಟಿತು. ೧೯೯೦ರಲ್ಲಿ ತಿದ್ದುಪಡಿಯಾದ ಶುದ್ಧವಾಯು ಶಾಸನದ ೬೦೮ನೆಯ ವಿಧಿಯ ಪ್ರಕಾರ, ಶೀತಕ ದ್ರವ್ಯವನ್ನು ಬೇಕೆಂದು ಗಾಳಿಗೆ ಬಿಡುವುದು ೧೯೯೨ರ ಜುಲೈಯಿಂದ ಅಪರಾಧವಾಯಿತು. ೧೯೯೪ರ ನವೆಂಬರಿನಿಂದ ಶೀತಕದ ವ್ಯವಸ್ಥೆಯನ್ನು ತೆರೆದು ಕೆಲಸ ಮಾಡುವ ಪ್ರತಿಯೊಬ್ಬ ಕಸುಬುಗಾರನೂ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪ್ರಮಾಣಪತ್ರವನ್ನು ಪಡೆದಿರಬೇಕಾಯಿತು. ಸಂಸ್ಥಾನದ ಪರವಾನಗಿ ಯಜಮಾನನದು. ಇದು ಕೈಯಾರೆ ಕೆಲಸ ಮಾಡುವವನದು. ಪೆಕ್‌ಹ್ಯಾಮ್ ಅವರ ಕಾಲದಲ್ಲಿ ಪರೀಕ್ಷೆಯಿಲ್ಲದೆ ಉಳಿದಿದ್ದ ಆಳು ಕಡೆಗೂ ಪರೀಕ್ಷೆಗೆ ಒಳಗಾದನು. ಆದರೆ ಮನೆಯವರ ಕ್ಷೇಮಕ್ಕಾಗಿ ಅಲ್ಲ, ಆಕಾಶದ ಕ್ಷೇಮಕ್ಕಾಗಿ. ಇನ್ನೊಂದು ಭೇದವೂ ಉಂಟು. ಸಂಸ್ಥಾನದ ಪರವಾನಗಿಯನ್ನು ಟೆಕ್ಸಾಸಿನಲ್ಲಿ ವರ್ಷಕ್ಕೊಮ್ಮೆ, ಕ್ಯಾಲಿಫೋರ್ನಿಯದಲ್ಲಿ ಎರಡು ವರ್ಷಕ್ಕೊಮ್ಮೆ ಹಣ ತೆತ್ತು ನವೀಕರಿಸಬೇಕು. ಒಕ್ಕೂಟದ ಪ್ರಮಾಣಪತ್ರಕ್ಕೆ ಅವಧಿಯೇ ಇಲ್ಲ.

ಅರ್ಥಶಾಸ್ತ್ರಜ್ಞರಲ್ಲಿ ಈ ವಿಷಯವನ್ನು ಪೆಕ್‌ಹ್ಯಾಮ್ ಅವರ ಕಣ್ಣಿನಿಂದ ನೋಡಿದವರು ಮಿಲ್ಟನ್ ಫ್ರೀಡ್‌ಮನ್. ಹೆಸರನ್ನು ಬರೆಸಿಕೊಳ್ಳುವ ನೋಂದಣಿ, ಅರ್ಹತೆಯನ್ನು ಸಾರುವ ಪ್ರಮಾಣೀಕರಣ, ಅದಿಲ್ಲದವನು ಕೆಲಸವನ್ನೇ ಮಾಡಕೂಡದೆನ್ನುವ ಪರವಾನಗಿ ಎಂದು ಮೂರು ಮೆಟ್ಟಿಲುಗಳನ್ನು ೧೯೬೨ರ ತಮ್ಮ ಗ್ರಂಥದಲ್ಲಿ ವಿಂಗಡಿಸಿ, ಮೂರನೆಯದಕ್ಕೆ ಸಮರ್ಥನೆ ಬಹು ವಿರಳವೆಂದು ಅವರು ವಾದಿಸಿದರು. ಪೆನ್ಸಿಲ್ವೇನಿಯ ಮನೆಯ ದುರಸ್ತಿ ಗುತ್ತಿಗೆದಾರರನ್ನು ೨೦೦೯ರಿಂದ ಮೊದಲ ಮೆಟ್ಟಿಲಿನಲ್ಲಿ ನಿಲ್ಲಿಸಿದೆ. ಒಟ್ಟು ಪ್ರವಾಹ ಮಾತ್ರ ಮೂರನೆಯ ಮೆಟ್ಟಿಲಿನ ಕಡೆಗೇ ಹರಿಯಿತು. ಅಮೆರಿಕದ ಅಧ್ಯಕ್ಷರ ಕಚೇರಿ ೨೦೧೫ರಲ್ಲಿ ಹೊರತಂದ ವರದಿಯ ಪ್ರಕಾರ, ಸಂಸ್ಥಾನದ ಪರವಾನಗಿ ಬೇಕಾದ ವೃತ್ತಿಗಳಲ್ಲಿರುವವರು ೧೯೫೦ರ ದಶಕದ ಮೊದಲಲ್ಲಿ ದುಡಿಯುವವರ ನೂರರಲ್ಲಿ ಐವರಿಗಿಂತ ಕಡಿಮೆ. ೨೦೦೮ರ ಹೊತ್ತಿಗೆ ನಾಲ್ವರಲ್ಲಿ ಒಬ್ಬರು. ಅದೇ ೨೦೧೫ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಉತ್ತರ ಕೆರೊಲೈನದ ದಂತವೈದ್ಯ ಮಂಡಲಿಯ ಮೊಕದ್ದಮೆಯಲ್ಲಿ, ವೃತ್ತಿಯವರೇ ಕುಳಿತು ನಡೆಸುವ ಮಂಡಲಿಗೆ ಸಂಸ್ಥಾನದ ನಿಜವಾದ ಮೇಲ್ವಿಚಾರಣೆಯಿಲ್ಲದಿದ್ದರೆ ಏಕಸ್ವಾಮ್ಯವಿರೋಧಿ ಶಾಸನದಿಂದ ರಕ್ಷಣೆಯಿಲ್ಲವೆಂದು ಹೇಳಿತು. ೨೦೧೯ರಲ್ಲಿ ಅರಿಜೋನ, ತನ್ನಲ್ಲಿಗೆ ಬಂದು ನೆಲೆಸುವವರು ಬೇರೆ ಸಂಸ್ಥಾನದಲ್ಲಿ ಪಡೆದ ಪರವಾನಗಿಗಳನ್ನು ವ್ಯಾಪಕವಾಗಿ ಮನ್ನಿಸಿದ ಮೊದಲ ಸಂಸ್ಥಾನವಾಯಿತು.

ಅದೇ ವರ್ಷ ಟೆಕ್ಸಾಸಿನಲ್ಲಿ ನಡೆದ ಪ್ರಸಂಗವು ಈ ಚರ್ಚೆಯನ್ನೆಲ್ಲ ಒರೆಗೆ ಹಚ್ಚಿತು. ಆ ಸಂಸ್ಥಾನದಲ್ಲಿ ಸರ್ಕಾರಿ ಮಂಡಲಿಗಳಿಗೆ ಆಯುಸ್ಸಿನ ಮಿತಿಯುಂಟು; ಶಾಸನಸಭೆ ಮುಂದುವರಿಸದಿದ್ದರೆ ಅವು ತಾವಾಗಿ ಅಳಿಯುತ್ತವೆ. ೧೯೪೭ರ ಕೊಳಾಯಿ ಮಂಡಲಿಯನ್ನು ರದ್ದುಗೊಳಿಸಿ, ಹವಾನಿಯಂತ್ರಣ ಗುತ್ತಿಗೆದಾರರನ್ನು ನೋಡಿಕೊಳ್ಳುವ ಇಲಾಖೆಗೇ ಆ ಕೆಲಸವನ್ನೂ ಒಪ್ಪಿಸುವ ಸೂಚನೆ ೨೦೧೯ರ ಮೇ ತಿಂಗಳಿನಲ್ಲಿ ಬಿದ್ದುಹೋಯಿತು; ಮಂಡಲಿಯನ್ನು ಮುಂದುವರಿಸುವ ಮಸೂದೆಯೂ ಆಗಲಿಲ್ಲ. ಸಭೆ ಮುಗಿದು ಸದಸ್ಯರು ಊರಿಗೆ ಹೋದರು. ಇನ್ನು ಕೆಲವೇ ತಿಂಗಳಲ್ಲಿ ಯಾರು ಬೇಕಾದರೂ ಕೊಳಾಯಿಗಾರನಾಗಬಹುದೆಂಬ ಸ್ಥಿತಿ ಬಂದಾಗ ಕಸುಬುಗಾರರೇ ಮೊರೆಯಿಟ್ಟರು. ಅವರ ಮೊರೆಯಲ್ಲಿ ಸ್ವಾರ್ಥವಿರಲಿಲ್ಲವೆಂದಲ್ಲ. ಅನಿಲದ ಕೊಳವೆಯ ಭಯ ಸುಳ್ಳೆಂದೂ ಅಲ್ಲ. ಜೂನ್ ತಿಂಗಳಿನಲ್ಲಿ ರಾಜ್ಯಪಾಲರು, ೨೦೧೭ರ ಹಾರ್ವಿ ಚಂಡಮಾರುತದ ಪುನರ್ನಿರ್ಮಾಣ ಇನ್ನೂ ಮುಗಿದಿಲ್ಲವೆಂಬ ಆಧಾರದ ಮೇಲೆ ತಮ್ಮ ವಿಶೇಷಾಧಿಕಾರವನ್ನು ಬಳಸಿ, ಮಂಡಲಿಯ ಆಯುಸ್ಸನ್ನು ೨೦೨೧ರವರೆಗೆ ಬೆಳೆಸಿದರು. ೨೦೨೧ರಲ್ಲಿ ಶಾಸನಸಭೆಯೇ ಅದನ್ನು ಮುಂದುವರಿಸಿತು.

ಈಚೆಗೆ ಶೀತಕ ದ್ರವ್ಯಗಳ ಅಧ್ಯಾಯ ಮತ್ತೊಂದು ತಿರುವನ್ನು ಕಂಡಿದೆ. ಭೂಮಿಯ ತಾಪವನ್ನು ಏರಿಸುವ ಶೀತಕಗಳನ್ನು ಹಂತಹಂತವಾಗಿ ತಗ್ಗಿಸಬೇಕೆಂದು ೨೦೨೦ರ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ಸು ಶಾಸನ ಮಾಡಿತು. ಅದರ ಫಲವಾಗಿ ೨೦೨೫ರಿಂದೀಚೆಗೆ ಅಲ್ಲಿಯ ಮನೆಗಳಿಗೆ ಬರುತ್ತಿರುವ ಹೊಸ ಯಂತ್ರಗಳಲ್ಲಿ ‘ಆರ್-೩೨’, ‘ಆರ್-೪೫೪ಬಿ’ ಎಂಬ ದ್ರವ್ಯಗಳಿವೆ. ಇವು ಮಂದವಾಗಿಯಾದರೂ ಹೊತ್ತಿಕೊಳ್ಳಬಲ್ಲವು. ಮೂಗಿಗೆ ಎಚ್ಚರಿಕೆ ಕೊಡುವಂಥ ವಾಸನೆ ಇವಕ್ಕಿಲ್ಲ. ಆದುದರಿಂದ ಒಂದು ಪ್ರಮಾಣಕ್ಕಿಂತ ಹೆಚ್ಚು ದ್ರವ್ಯ ತುಂಬಿರುವ ಯಂತ್ರದೊಳಗೆ ಸೋರಿಕೆಯನ್ನು ಕಂಡುಹಿಡಿಯುವ ಉಪಕರಣವೊಂದನ್ನು ಇಟ್ಟಿರುತ್ತಾರೆ. ಸೋರಿದೊಡನೆ ಅದು ಪಂಖವನ್ನು ತಿರುಗಿಸಿ ಅನಿಲವನ್ನು ಚದುರಿಸುತ್ತದೆ. ಆ ಉಪಕರಣವನ್ನು ಸರಿಯಾಗಿ ಕೂಡಿಸಲಾಗಿದೆಯೇ ಎಂಬುದಕ್ಕೆ ಟೆಕ್ಸಾಸಿನಲ್ಲಿ ಸಂಸ್ಥಾನದ ಪರವಾನಗಿ ಪಡೆದ ಗುತ್ತಿಗೆದಾರನು ಹೊಣೆ. ಇಲಿನಾಯಿಯಲ್ಲಿ, ಆ ಊರಿನ ನಿಯಮ ಏನನ್ನು ಹೇಳುತ್ತದೆಯೋ ಅದು.